ಅಂಗಾಲು ನೋಡುವವರು

ನಾನು ಕೆಲಸ ಮಾಡುವ ಉಪಕೇಂದ್ರ ಇರುವುದು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಸರಿದ ಒಂದು ಊರಿನಲ್ಲಿ. ಎರಡು ಕೋಣೆ, ಒಂದು ಜಗಲಿ, ಮುಂದೆ ಬೇವಿನ ಮರ. ಹಿಂದುಗಡೆ ಶೇಂಗಾ ಹೊಲ, ಎದುರಿಗೆ ನೇಕಾರರ ಬೀದಿ. ಊರವರಿಗೆ ಅದು ಸಣ್ಣಾಸ್ಪತ್ರೆ, ನಾನು ಸಿಸ್ಟರಮ್ಮ. ನನ್ನ ಹುದ್ದೆಗೆ ಸರ್ಕಾರ ಇಟ್ಟ ಹೆಸರು ಬಹಳ ಉದ್ದ. ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಬಂದವರು ಎದ್ದು ಹೋಗುತ್ತಾರೆಂದು ನಾನೇ ಕೈಬಿಟ್ಟಿದ್ದೇನೆ.

ಬಸುರಿ ಬಾಣಂತಿಯರು, ಮಕ್ಕಳ ಚುಚ್ಚುಮದ್ದು, ಜ್ವರ, ನೆಗಡಿ, ಇವೆಲ್ಲ ಹೇಗೋ ನಡೆದುಕೊಂಡು ಹೋಗುತ್ತವೆ. ನೋವಿದ್ದವರು ಕರೆಯದೇ ಬರುತ್ತಾರೆ. ಬಾರದಿರುವವರು ಶುಗರ್ ಮತ್ತು ಬಿಪಿಯವರು. ಅವರ ಪ್ರಕಾರ ಅವರಿಗೆ ಏನೂ ಆಗಿರುವುದಿಲ್ಲ. ಏನೂ ಆಗದವರು ಆಸ್ಪತ್ರೆ ಜಗಲಿಯಲ್ಲಿ ಯಾಕೆ ಕೂರಬೇಕು? ತಿಂಗಳ ಎರಡನೇ ಬುಧವಾರ ಅವರಿಗೆಂದೇ ಇಟ್ಟಿದ್ದ ದಿನ. ದೊಡ್ಡ ಊರಿನಿಂದ ಡಾಕ್ಟರು ಬರುತ್ತಿದ್ದರು, ಮಾತ್ರೆಗಳು ಬಿಟ್ಟಿಯಾಗಿ ಸಿಗುತ್ತಿದ್ದವು. ನಾನು ಕುರ್ಚಿ ಒರೆಸಿ, ಬಿಪಿ ನೋಡುವ ಯಂತ್ರ ಜೋಡಿಸಿಕೊಂಡು ಕಾಯುತ್ತಿದ್ದೆ. ಹೊಲದ ಕಡೆಯಿಂದ ನಾಲ್ಕೈದು ಮುದುಕರು ಬರುತ್ತಿದ್ದರು. ಎದುರಿನ ಬೀದಿಯಿಂದ ಮಗ್ಗದ ಸದ್ದು ಬರುತ್ತಿತ್ತು, ಜನ ಬರುತ್ತಿರಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ರಸ್ತೆ ದಾಟಿದರೆ ಸಿಗುವ ಮಾತ್ರೆಗೂ ಬಾರದ ಜನ ಎಂದು ಡಾಕ್ಟರ ಮುಂದೆ ಬೈದುಕೊಳ್ಳುತ್ತಿದ್ದೆ.

ಆ ಬೀದಿಯ ತಿರುವಿನ ಮನೆಯಲ್ಲಿ ಒಬ್ಬ ಗಂಡ, ಒಬ್ಬ ಹೆಂಡತಿ, ಒಂದು ಮಗ್ಗ. ಇದ್ದೊಬ್ಬ ಮಗಳನ್ನು ರಾಯದುರ್ಗದ ಕಡೆ ಕೊಟ್ಟಿದ್ದಾರೆ. ಇಬ್ಬರೂ ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು. ಹೆಂಡತಿಯನ್ನು ಅಕ್ಕ ಅನ್ನುತ್ತಿದ್ದೆ, ಗಂಡನನ್ನು ಅಣ್ಣ. "ನಾನು ಅಕ್ಕ, ಅವ್ರು ಅಣ್ಣ. ಹಂಗಾದ್ರೆ ನಾವಿಬ್ರೂ ಏನಾದ್ವಿ ಸಿಸ್ಟರಮ್ಮ?" ಎಂದು ಅಕ್ಕ ನನ್ನನ್ನು ಕಾಡಿಸುತ್ತಿದ್ದಳು. ಮಾತಿನಲ್ಲಿ ಆಕೆಯನ್ನು ಸೋಲಿಸಿದವರನ್ನು ನಾನು ಆ ಊರಿನಲ್ಲಿ ನೋಡಿಲ್ಲ. ಅಣ್ಣ ಇದಕ್ಕೆ ತದ್ವಿರುದ್ಧ. ಒಂದು ಮಾತು ಆಡಬೇಕಾದರೆ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುವ ಮನುಷ್ಯ.

ಇಲ್ಲಿಯ ರೇಷ್ಮೆ ಸೀರೆಗೆ ಮಗ್ಗದಲ್ಲಿ ಇಬ್ಬರು ಕೂರಬೇಕು. ನೆಲದಲ್ಲಿ ಗುಂಡಿ ತೋಡಿ ಮಗ್ಗ ಹೂಡಿರುತ್ತಾರೆ. ಗುಂಡಿಯ ಅಂಚಿನಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು, ಅಡಿಯ ಹಲಗೆಗಳನ್ನು ತುಳಿಯುತ್ತಾ ಒಬ್ಬರು ನೇಯುತ್ತಾರೆ. ಇನ್ನೊಬ್ಬರು ಪಕ್ಕದಲ್ಲಿ ಕೂತು ಆ ಕಡೆಯ ಅಂಚಿಗೆ ಅಡ್ಡ ನೂಲು ಹಾಯಿಸುವ ಲಾಳಿ ಎಸೆದುಕೊಡುತ್ತಾರೆ. ಅಣ್ಣನಿಗೆ ಭುಜದ ನೋವು ಬಂದಮೇಲೆ ಆ ಮನೆಯಲ್ಲಿ ನೇಯುವವಳು ಅಕ್ಕ, ಪಕ್ಕದಲ್ಲಿ ಕೂರುವವನು ಅಣ್ಣ. ಒಬ್ಬರು ಎದ್ದರೆ ಇಬ್ಬರ ಕೆಲಸವೂ ನಿಲ್ಲುತ್ತದೆ. ಬುಧವಾರ ಆ ಬೀದಿಯವರು ಯಾಕೆ ಬರುವುದಿಲ್ಲವೆಂಬುದು ನನಗೆ ಆಗ ಇಷ್ಟು ಸರಳವಾಗಿ ತಲೆಗೆ ಹೋಗಿರಲಿಲ್ಲ.

ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗಿ ಕೆಲವು ವರ್ಷಗಳಾಗಿದ್ದವು. ಬುಧವಾರ ಬರಲಾಗದ ಕಾರಣ ಯಾರೋ ಪಕ್ಕದ ಮನೆಯವರು ತಂದುಕೊಟ್ಟಷ್ಟು ಮಾತ್ರೆ ಆಕೆಗೆ ಸಿಗುತ್ತಿತ್ತು. ಅದನ್ನು ಆಕೆ ತನ್ನದೇ ಲೆಕ್ಕಾಚಾರದಲ್ಲಿ ಉಳಿತಾಯ ಮಾಡುತ್ತಿದ್ದಳು. ಹೋಳಿಗೆ ತಿಂದ ದಿನ ಎರಡು, ರೊಟ್ಟಿ ತಿಂದ ದಿನ ಅರ್ಧ, ಉಪವಾಸದ ದಿನ ಪೂರ್ತಿ ರಜ. ಕೇಳಿದರೆ, "ಸಿಹಿ ತಿಂದ್ರೆ ತಾನೆ ಸಕ್ಕರೆ ಏರಾದು? ಏರದಿದ್ದ ದಿನ ಗುಳಿಗೆ ಯಾಕೆ ದಂಡ ಮಾಡ್ಲಿ?" ಅನ್ನುತ್ತಿದ್ದಳು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಅವರ ಮಗ್ಗದ ಗುಂಡಿಯಿಂದ ಕೆಟ್ಟ ವಾಸನೆ ಬರತೊಡಗಿತು. ಇಲಿ ಸತ್ತಿರಬೇಕೆಂದು ಅಣ್ಣ ಗುಂಡಿಗೆ ಇಳಿದು ಗುಡಿಸಿ ತೊಳೆದ. ಎರಡು ದಿನ ಬಿಟ್ಟು ಮತ್ತೆ ತೊಳೆದ. ಬೇವಿನ ಸೊಪ್ಪಿನ ಹೊಗೆ ಹಾಕಿದ. ವಾಸನೆ ಹೋಗಲಿಲ್ಲ. ಕೊನೆಗೆ ಮಗಳು ಹಬ್ಬಕ್ಕೆಂದು ಬಂದವಳು, ತಾಯಿ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದಾಗ ನೋಡಿ ಕಿರುಚಿಕೊಂಡಳು. ಎಡಗಾಲಿನ ಕಿರುಬೆರಳು ಅಡಿಯಲ್ಲಿ ಕಪ್ಪಾಗಿ ಕೊಳೆತಿತ್ತು. ತುಳಿಯುವ ಹಲಗೆಯ ಅಂಚು ಉಜ್ಜಿ ಉಜ್ಜಿ ಆದ ಗಾಯ. ಅಕ್ಕನಿಗೆ ಒಂದಿಷ್ಟೂ ನೋವಾಗಿರಲಿಲ್ಲ. ಸಕ್ಕರೆ ಆಕೆಯ ಪಾದಗಳ ಸ್ಪರ್ಶವನ್ನೇ ತಿಂದುಹಾಕಿತ್ತು.

ಚಿತ್ರದುರ್ಗದಲ್ಲಿ ಬೆರಳು ತೆಗೆದರು. ಅಲ್ಲಿ ಆರೋಗ್ಯ ಕಾರ್ಡು ನಡೆಯಿತು. ಮಂಚ, ಊಟ, ಆಪರೇಷನ್ನು, ಡ್ರೆಸ್ಸಿಂಗು ಎಲ್ಲ ಕಾರ್ಡಿನಲ್ಲೇ ಆಯಿತು. ಮನೆಗೆ ಬಂದಮೇಲೆ ಅದೇ ಕಾರ್ಡು ಹಿಡಿದು ಅಣ್ಣ ಔಷಧಿ ಅಂಗಡಿಗೆ ಹೋಗಿದ್ದ. ಅಂಗಡಿಯವನು ನಕ್ಕು ವಾಪಸು ಕಳಿಸಿದ. ಮಲಗಿದವರಿಗೆ ಮಾತ್ರ ಆ ಕಾರ್ಡು, ನಡೆದಾಡುವವರ ಮಾತ್ರೆಗೆ ಅಲ್ಲ. ಗಾಯ ನೋಡಲು ಹೋದ ನನಗೆ ಅಕ್ಕ ಇದನ್ನು ಹೇಳಿದ್ದು ಹೀಗೆ: "ಬೆರಳು ಕತ್ತರ್ಸಾಕೆ ಕಾರ್ಡೈತೆ ಸಿಸ್ಟರಮ್ಮ, ಉಳಿಸ್ಕಣಾಕೆ ಇಲ್ಲ." ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಆ ಬೆರಳು ಕೊಳೆಯುತ್ತಿದ್ದಷ್ಟು ದಿನವೂ ಮಾತ್ರೆ ನನ್ನ ಕಪಾಟಿನಲ್ಲಿತ್ತು. ನಡುವೆ ಇದ್ದದ್ದು ಒಂದು ರಸ್ತೆ.

ಚಿತ್ರದುರ್ಗದ ಡಾಕ್ಟರು ಚೀಟಿಯಲ್ಲಿ ಬರೆದಿದ್ದನ್ನು ನಾನು ಓದಿ ಹೇಳಿದೆ. ಸಕ್ಕರೆ ಹಿಡಿತದಲ್ಲಿರಬೇಕು, ಕಾಲಿಗೆ ಇನ್ನೊಂದು ಗಾಯ ಆಗಬಾರದು, ಆಗಿಬಿಟ್ಟರೆ ಆ ದಿನವೇ ಗೊತ್ತಾಗಬೇಕು. ಇಲ್ಲದಿದ್ದರೆ ಮುಂದಿನ ಸಲ ಬೆರಳಿಗೆ ನಿಲ್ಲುವುದಿಲ್ಲ. ಅಕ್ಕ ನಗುವುದನ್ನು ನಿಲ್ಲಿಸಿದಳು. ಪಾದ ಹೋದರೆ ತುಳಿಯುವವರಿಲ್ಲ, ತುಳಿಯದಿದ್ದರೆ ಮಗ್ಗವಿಲ್ಲ. ಇದನ್ನು ಆಕೆಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಸಂಜೆಯೇ ನಾನು ಬೀದಿಯ ಹೆಂಗಸರನ್ನೆಲ್ಲ ಒಂದು ಜಗಲಿಯಲ್ಲಿ ಕೂರಿಸಿಕೊಂಡು ಕೇಳಿದೆ, "ನಿಮಗೆ ಬರಾಕೆ ಯಾವ ದಿನ ಆಗ್ತೈತೆ, ನೀವೇ ಹೇಳ್ರಿ."

"ಮಗ್ಗ ನಿಂತ ದಿನ," ಅಂದಳು ಒಬ್ಬ ಮುದುಕಿ.

"ಮಗ್ಗ ಯಾವತ್ತು ನಿಲ್ತೈತೆ?"

ಎಲ್ಲರೂ ಗೊಳ್ಳೆಂದು ನಕ್ಕರು. ಇಷ್ಟೂ ಗೊತ್ತಿಲ್ಲದವಳು ಚುಚ್ಚುಮದ್ದು ಹೇಗೆ ಹಾಕುತ್ತಾಳೆ ಎನ್ನುವಂಥ ನಗು. "ಅಮಾಸಿ ದಿನ ಕಣಮ್ಮ!"

ಅಮಾವಾಸ್ಯೆಯ ದಿನ ಆ ಬೀದಿಯಲ್ಲಿ ಯಾರೂ ಲಾಳಿ ಮುಟ್ಟುವುದಿಲ್ಲ. ಮಗ್ಗ ಒರೆಸಿ, ಪೂಜೆ ಮಾಡಿ, ಸುಮ್ಮನೆ ಬಿಡುತ್ತಾರೆ. ತಲೆಗೆ ಎಣ್ಣೆ ಹಚ್ಚಿಕೊಳ್ಳುವುದು, ಸಂತೆಗೆ ಹೋಗುವುದು, ಜಗಳ ಬಾಕಿ ಇದ್ದರೆ ಮುಗಿಸುವುದು, ಎಲ್ಲ ಅವತ್ತೇ. ಹೊಲದವರೂ ಅವತ್ತು ಬೇಸಾಯ ಹೂಡುವುದಿಲ್ಲ. ಇನ್ನೂ ಒಂದು ಅನುಕೂಲವಿತ್ತು. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಒಂದು ತಿಂಗಳ ಮಾತ್ರೆ ಸರಿಯಾಗಿ ಸಾಕಾಗುತ್ತದೆ. ಯಾರಿಗೂ ತಾರೀಕು ಬರೆದುಕೊಡಬೇಕಾಗಿಲ್ಲ, ಆಕಾಶ ನೋಡಿದರೆ ಆಯಿತು.

ಇದನ್ನು ಮೇಲಿನವರೊಬ್ಬರಿಗೆ ಹೇಳಿದಾಗ, "ಏನ್ರಿ, ಸರ್ಕಾರಿ ಆಸ್ಪತ್ರೆ ಪಂಚಾಂಗ ನೋಡಿಕೊಂಡು ನಡೆಯಬೇಕಾ?" ಎಂದರು. "ಮತ್ತೆ ಬುಧವಾರ ಖಾಲಿ ಕುರ್ಚಿಗೆ ಬಿಪಿ ನೋಡ್ಲಾ ಸಾರ್?" ಅಂದೆ. ಹೀಗೆಲ್ಲ ಮಾತಾಡಿದ್ದಕ್ಕೇ ನನ್ನನ್ನು ಎಲ್ಲ ಕಡೆ ಜಗಳಗಂಟಿ ಅನ್ನುವುದು. ಪುಣ್ಯಕ್ಕೆ ನಮ್ಮ ಡಾಕ್ಟರು ಒಪ್ಪಿದರು. ಅಮಾವಾಸ್ಯೆ ಭಾನುವಾರ ಬಿದ್ದಾಗ ಮಾತ್ರ ನಾನು ಮನಸ್ಸಿನಲ್ಲೇ ಚಂದ್ರನಿಗೆ ಶಾಪ ಹಾಕಿಕೊಂಡು ಬರುತ್ತೇನೆ.

ಮೊದಲನೇ ಅಮಾವಾಸ್ಯೆಗೆ ಜಗಲಿ ತುಂಬಿತು. ನನಗೆ ಹಿಗ್ಗು. ಆದರೆ ಸೂಜಿ ಹಿಡಿದು ಬೆರಳು ಕೊಡಿ ಅಂದರೆ ಎಲ್ಲರೂ ಕೈ ಸೆರಗಿನೊಳಗೆ ಎಳೆದುಕೊಂಡರು. ಅಮಾವಾಸ್ಯೆ ದಿನ ಮೈಯಿಂದ ರಕ್ತ ತೆಗೆಯಬಾರದಂತೆ. "ವದ್ದಮ್ಮಾ, ವದ್ದು," ಎಂದು ತೆಲುಗಿನಲ್ಲೇ ಬೇಡ ಬೇಡ ಎನ್ನುತ್ತಾ ಒಬ್ಬಳು ಮೆಟ್ಟಿಲು ಇಳಿದೇಬಿಟ್ಟಳು. ನನ್ನ ತಲೆ ಕೆಟ್ಟುಹೋಯಿತು. ಆಗ ಬೇಲಿಯ ಹತ್ತಿರ ನಿಂತಿದ್ದ ಅಕ್ಕ ಕುಂಟುತ್ತಾ ಮುಂದೆ ಬಂದು, "ಅಮಾಸಿ ದಿನ ದೃಷ್ಟಿ ತೆಗ್ಸಲ್ವೇನ್ರೇ? ಮೈಯಾಗಿನ ಕೆಟ್ಟದ್ದು ಹೊರಗೆ ಹೋಗಾಕೆ ಇದೇ ದಿನ ಒಳ್ಳೇದು. ಇದೂ ಅದೇ ಅಂದ್ಕಳ್ರಿ," ಎಂದು ತನ್ನ ಬೆರಳು ಚಾಚಿದಳು. ಅಲ್ಲಿಂದ ಮುಂದೆ ಸಾಲು ನಿಂತಿತು. ಹೊಸ ಮಾತ್ರೆಯನ್ನು ಮಾತ್ರ ಅವತ್ತೇ ಶುರು ಮಾಡಲು ಯಾರೂ ಒಪ್ಪಲಿಲ್ಲ. ಒಂದು ದಿನ ತಡವಾದರೆ ಆಗಲಿ ಎಂದು ನಾನೂ ಸುಮ್ಮನಾದೆ.

ಹೋಳಿಗೆಯ ಲೆಕ್ಕಾಚಾರ ಬಿಟ್ಟು ದಿನಾ ಮಾತ್ರೆ ನುಂಗತೊಡಗಿದ ಮೇಲೆ ಅಕ್ಕನ ಸಕ್ಕರೆ ನಿಧಾನವಾಗಿ ಇಳಿಯಿತು. ಕಾಲಿನದೇ ಚಿಂತೆ. ಹೋದ ಸ್ಪರ್ಶ ಮಾತ್ರೆಯಿಂದ ತಿರುಗಿ ಬರುವುದಿಲ್ಲ. ನಾನು ತೆಳುವಾದ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ, "ಗೊತ್ತಾಗ್ತಾ?" ಎಂದು ಕೇಳುತ್ತಿದ್ದೆ. "ಒತ್ತಿದ್ಯೇನು?" ಎನ್ನುತ್ತಿದ್ದಳು. ಸಾವಿರಾರು ಎಳೆಗಳ ನಡುವೆ ತುಂಡಾದ ಒಂದು ರೇಷ್ಮೆ ಎಳೆಯನ್ನು ಬೆರಳ ತುದಿಯಿಂದಲೇ ಹುಡುಕಿ ಗಂಟು ಹಾಕುವ ಹೆಂಗಸು ಆಕೆ. ಕೈಗೆ ಗೊತ್ತಾಗುವುದು ಕಾಲಿಗೆ ಗೊತ್ತಾಗುತ್ತಿರಲಿಲ್ಲ. ಮೃದುವಾದ ರಬ್ಬರಿನ ಚಪ್ಪಲಿ ತರಿಸಿಕೊಟ್ಟೆ. ಹಾಕಿಕೊಳ್ಳುತ್ತಿದ್ದಳು, ಮಗ್ಗದ ಕೋಣೆಯ ಹೊಸ್ತಿಲವರೆಗೆ. ಮಗ್ಗ ದೇವರು. ಅಲ್ಲಿ ಚಪ್ಪಲಿಯ ಮಾತೇ ಇಲ್ಲ.

ಉಳಿದದ್ದು ಒಂದೇ ದಾರಿ. ದಿನಕ್ಕೊಂದು ಸಲ ಯಾರಾದರೂ ಆಕೆಯ ಅಂಗಾಲು ನೋಡಬೇಕು. ಆಕೆಯೇ ನೋಡಿಕೊಳ್ಳೋಣವೆಂದರೆ ಮೊಣಕಾಲು ಪೂರ್ತಿ ಮಡಚಲು ಬಾರದು, ಕಣ್ಣೂ ಮಬ್ಬು. ನೆಲದ ಮೇಲೆ ಕನ್ನಡಿ ಇಟ್ಟು ಕಾಲು ಎತ್ತಿ ಹಿಡಿ ಅಂದೆ. "ಕನ್ನಡಿಗೆ ಅಂಗಾಲು ತೋರಿಸ್ಲಾ? ಲಕ್ಷ್ಮಿ ಅದು," ಎಂದು ನನ್ನನ್ನೇ ಗದರಿದಳು. ಪಕ್ಕದ ಮನೆಯ ಸೊಸೆಗೆ ಹೇಳಿದೆ. ಕೆಲವು ದಿನ ನೋಡಿದಳು, ಆಮೇಲೆ ಅವರ ಮನೆಯಲ್ಲಿ ಮಗ್ಗಕ್ಕೆ ಉದ್ದೆಳೆಗಳ ಹೊಸ ಹಾಸು ಏರಿಸುವ ಕೆಲಸ ಬಂದು ಮರೆತಳು. ಅವಳದೂ ತಪ್ಪಲ್ಲ.

"ಅಣ್ಣ ಇದಾರಲ್ಲ, ಅವರೇ ನೋಡ್ಲಿ," ಅಂದೆ.

ಅಕ್ಕ ನನ್ನ ಬಾಯಿ ಮುಚ್ಚಲು ಕೈಯನ್ನೇ ಎತ್ತಿದಳು. "ಅಂಥ ಮಾತು ಆಡಬ್ಯಾಡ ತಾಯಿ. ಗಂಡನ ಕೈಲಿ ಕಾಲು ಹಿಡಿಸ್ಕಂಡೋಳು ಅಂತ ಆದ್ಮೇಲೆ ನಾನು ಯಾವ ದೇವ್ರಿಗೆ ಮುಖ ತೋರಿಸ್ಲಿ?"

ಅಣ್ಣ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಗಂಟಲು ಸರಿಮಾಡಿಕೊಂಡ. ಮಗ್ಗದ ಕೋಣೆಯ ಕಡೆ ಹೋದ.

ಆಕೆ ಉತ್ಪ್ರೇಕ್ಷೆ ಮಾಡುತ್ತಿರಲಿಲ್ಲ. ಮಗ್ಗದ ಗುಂಡಿಯಲ್ಲಿ ಇಬ್ಬರ ಕಾಲುಗಳೂ ಅಕ್ಕಪಕ್ಕ ಇರುತ್ತವೆ. ಅಪ್ಪಿತಪ್ಪಿ ಆಕೆಯ ಕಾಲು ಗಂಡನಿಗೆ ತಗುಲಿದರೆ ಲಾಳಿ ಬಿಟ್ಟು, ಆತನ ಭುಜ ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡು ಮತ್ತೆ ನೇಯುತ್ತಿದ್ದಳು. ನಾನೇ ಕಣ್ಣಾರೆ ನೋಡಿದ್ದೇನೆ. ನನ್ನ ಪರಶುರಾಂಪುರದ ತವರಿನಲ್ಲಿ ನನ್ನ ಅವ್ವನೂ ಹಾಗೇ ಮಾಡುತ್ತಿದ್ದಳು. ನನಗೆ ಇದು ತಮಾಷೆಯೆಂದು ತಳ್ಳಿಹಾಕುವ ಧೈರ್ಯವಿರಲಿಲ್ಲ. ಆದರೆ ಅಮಾವಾಸ್ಯೆಗೊಮ್ಮೆ ನಾನು ನೋಡಿದರೆ ಸಾಲುತ್ತಿರಲಿಲ್ಲ. ಬೆರಳು ಕೊಳೆಯಲು ಒಂದು ತಿಂಗಳು ಬೇಕಾಗಿಲ್ಲ.

ಕೆಲವು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಆ ಬೀದಿಯಲ್ಲಿ ಕೂಸೊಂದರ ತೂಕ ನೋಡಿ, ಹಾಗೇ ಅಕ್ಕನ ಮನೆಗೆ ಹೋದೆ. ಅಕ್ಕ ಮಗ್ಗದಲ್ಲಿ ಕೂತಿದ್ದಳು. ಅಣ್ಣ ಕಾಣಲಿಲ್ಲ. ಆಮೇಲೆ ನೋಡಿದರೆ ಗುಂಡಿಯೊಳಗಿಂದ ಮೊಬೈಲಿನ ಬೆಳಕು ಬರುತ್ತಿದೆ. ಆತ ಮಗ್ಗದ ಪಕ್ಕದಿಂದ ಇಳಿದು ಮುದುರಿ ಕೂತಿದ್ದ.

"ಹಗ್ಗ ಸಡಿಲ ಆಗೈತೆ, ಕಾಲೆತ್ತು ಸ್ವಲ್ಪ," ಎಂಬ ದನಿ ಕೇಳಿಸಿತು. ಅಕ್ಕ ಎರಡೂ ಕಾಲು ಎತ್ತಿ ಹಿಡಿದಳು. ಬೆಳಕು ಒಂದು ಅಂಗಾಲಿನ ಮೇಲೆ ನಿಧಾನವಾಗಿ ಹಿಮ್ಮಡಿಯಿಂದ ಬೆರಳ ತನಕ ಹೋಯಿತು. ಆಮೇಲೆ ಇನ್ನೊಂದರ ಮೇಲೆ. "ಹೂಂ, ಆಯ್ತು. ಇಳಿಸು." ಹಲಗೆಯ ಹಗ್ಗವನ್ನು ಆತ ಮುಟ್ಟಲೂ ಇಲ್ಲ.

ಹೊರಗೆ ಬಂದ ಆತ ನನ್ನನ್ನು ನೋಡಿ ಬೆಚ್ಚಿದ. ನೀರು ಕೊಡುವ ನೆಪದಲ್ಲಿ ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಎರಡು ಸಲ ಕೆಮ್ಮಿ, "ಅವಳಿಗೆ ಹೇಳಬ್ಯಾಡ್ರಿ ಸಿಸ್ಟರಮ್ಮ. ಮುಟ್ಟಲ್ಲ ನಾನು, ಬರೀ ನೋಡ್ತೀನಿ," ಅಂದ. ಆ ದಿನದ ಮಾತು ಕೇಳಿದಾಗಿನಿಂದಲೂ ದಿನಾ ಬೆಳಿಗ್ಗೆ ಹೀಗೆ ಹಗ್ಗ ಸಡಿಲವಾಗುತ್ತಿತ್ತಂತೆ. ನನಗೆ ಆತನ ಮೇಲೆ ಬಹಳ ಪ್ರೀತಿ ಬಂತು. ಹೇಳಲು ನಾಚಿಕೆಯಾಗಿ, ಬಿಸಿಲು ಜಾಸ್ತಿ ಎಂದೇನೋ ಅಂದೆ.

ಒಳಗೆ ಬಂದರೆ ಅಕ್ಕ ತಲೆ ಎತ್ತದೆಯೇ ಮೆಲ್ಲಗೆ ಕೇಳಿದಳು. "ಹೇಳಬ್ಯಾಡ ಅಂದ್ರಾ?"

ನಾನು ಪೆಚ್ಚಾದೆ.

"ಹುಟ್ಟಿದಾಗಿಂದ ಮಗ್ಗ ನೋಡಿದೋಳು ನಾನು. ಹಗ್ಗ ದಿನಾ ಸಡಿಲ ಆಗ್ತೈತಾ? ನೋಡ್ಕಳ್ಲಿ ಬಿಡು. ಮುಟ್ಟಲ್ವಲ್ಲ." ಎಂದು ಲಾಳಿ ಎಸೆದಳು. ಆ ಕಡೆ ಹಿಡಿಯುವವನು ಬಂದಿರಲಿಲ್ಲ, ಲಾಳಿ ನೆಲಕ್ಕೆ ಬಿತ್ತು. "ಬರ್ತೀರೋ ಇಲ್ವೋ?" ಎಂದು ಅಂಗಳದ ಕಡೆಗೆ ಕೂಗಿದಳು.

ಹೀಗೆ ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ ನಟಿಸಿಕೊಂಡು ಆ ಮನೆಯಲ್ಲಿ ಒಂದು ಒಳ್ಳೆಯ ಚಿಕಿತ್ಸೆ ನಡೆಯುತ್ತಿತ್ತು. ನಾನು ಬಾಯಿ ಹಾಕಲಿಲ್ಲ. ನನ್ನ ಸ್ವಭಾವಕ್ಕೆ ಅದು ದೊಡ್ಡ ತ್ಯಾಗವೇ.

ಮಳೆಗಾಲ ಮುಗಿಯುತ್ತಾ ಬಂದಿತ್ತು. ಅವತ್ತು ನನಗೆ ಚಳ್ಳಕೆರೆಯಲ್ಲಿ ಸಭೆ. ದೊಡ್ಡ ಹಾಲ್, ಫ್ಯಾನು, ಗೋಡೆಯ ಮೇಲೆ ಚಿತ್ರ ತೋರಿಸುತ್ತಾ ಒಬ್ಬರು ಮಾತಾಡುತ್ತಿದ್ದರು. ಕಟ್ಟಕಡೆಯ ರೋಗಿಯನ್ನು ತಲುಪುವುದು ಹೇಗೆ ಎಂಬುದು ವಿಷಯ. ನನ್ನ ಫೋನು ನಡುಗಿತು. ಅಣ್ಣ. ಆತ ನನಗೆ ಫೋನು ಮಾಡಿದ್ದೇ ಇಲ್ಲ. ಎದ್ದು ಹೊರಗೆ ಓಡಿದೆ.

ಆ ಕಡೆಯಿಂದ ಮೊದಲು ಕೆಮ್ಮು. ಆಮೇಲೆ ಪಿಸುಮಾತು. "ಮುಳ್ಳು, ಸಿಸ್ಟರಮ್ಮ. ಜಾಲಿ ಮುಳ್ಳು. ಬಲಗಾಲಿನ ನಡುಮಧ್ಯೆ ಹೊಕ್ಕೈತೆ. ತುದಿ ಮುರಿದಿಲ್ಲ, ಸ್ವಲ್ಪ ಆಚೆ ಕಾಣ್ತೈತೆ. ನಿನ್ನೆ ಸೌದೆ ಹೊರೆನ ಮಗ್ಗದ ಕೋಣೆ ಹಾಯ್ಸಿ ಹಿತ್ತಲಿಗೆ ಒಯ್ದಿದ್ದೆ. ಅವಳಿಗೆ ಗೊತ್ತಿಲ್ಲ. ಮಗ್ಗದಾಗೇ ಕೂತಾಳೆ."

"ತುಳೀತಿದಾಳಾ?"

"ಹೂಂ."

ಬಳ್ಳಾರಿ ಜಾಲಿಯ ಮುಳ್ಳು ಹೊಕ್ಕರೆ ಸಕ್ಕರೆ ಇಲ್ಲದ ಕುರಿಗಾಹಿಗಳ ಕಾಲೇ ಬಾತು ಹಣ್ಣಾಗುತ್ತದೆ. ಈಕೆ ತುಳಿದಷ್ಟೂ ಅದು ಒಳಗೆ ಹೋಗುತ್ತದೆ.

"ಮೊದ್ಲು ಮಗ್ಗ ನಿಲ್ಸಿ ಅಣ್ಣ. ಕೈ ಸೋಪು ಹಚ್ಚಿ ತೊಳ್ಕಳ್ರಿ. ಕಾಲೂ ತೊಳೀರಿ. ಕಾಣೋ ತುದಿ ಹಿಡ್ದು ನೆಟ್ಟಗೆ ಎಳೀರಿ. ಕಾಸಿ ಆರಿಸಿದ ನೀರು ಹಾಕಿ, ಒಗೆದ ಬಿಳಿ ಬಟ್ಟೆ ಕಟ್ರಿ."

"ನೀವು ಬರಲ್ವಾ? ನೀವೇ ಬಂದು, ನೀವೇ ನೋಡಿದಂಗೆ ಮಾಡಿ ತೆಗೆದ್ರೆ…"

"ನಾನು ಚಳ್ಳಕೆರೆಯಾಗಿದೀನಿ. ಬಸ್ಸು ಹತ್ತಿ ಬರೋ ಹೊತ್ತಿಗೆ ಮಧ್ಯಾಹ್ನ ಆಗ್ತೈತೆ."

"ಪಕ್ಕದ ಮನೆಯೋರೂ ಇಲ್ಲ, ಮದ್ವೆಗೆ ಹೋಗ್ಯಾರೆ." ಹಿಂದುಗಡೆ ಮಗ್ಗದ ಸದ್ದು ಕೇಳಿಸುತ್ತಲೇ ಇತ್ತು, ಆಕೆ ಒಬ್ಬಳೇ ಏನೋ ತುಳಿದು ಸರಿಮಾಡಿಕೊಳ್ಳುತ್ತಿದ್ದಳು. "ಅವಳು ಮುಟ್ಟಗೊಡಲ್ಲ ಸಿಸ್ಟರಮ್ಮ. ನನಗೂ…"

ನನಗೆ ತಡೆಯಲಾಗಲಿಲ್ಲ. ಕಚೇರಿಯ ಕಾರಿಡಾರಿನಲ್ಲಿ ನಾಲ್ಕು ಜನ ತಿರುಗಿ ನೋಡುವಂತೆ ಕೂಗಿದೆ. "ನೋಡೋದು ನೋಡಿದ್ದೀರಿ. ಇಷ್ಟು ದಿನ ಯಾಕೆ ನೋಡಿದ್ರಿ ಹಂಗಾದ್ರೆ? ಮುಳ್ಳು ಕಂಡ್ರೆ ಸುಮ್ನೆ ಕೂರೋಣ ಅಂತಾನಾ?"

ಫೋನು ಕಟ್ಟಾಯಿತು. ಆತನೇ ಇಟ್ಟನೋ, ಸಿಗ್ನಲ್ ಹೋಯಿತೋ ತಿಳಿಯಲಿಲ್ಲ. ಮತ್ತೆ ಮಾಡಿದರೆ ಹೋಗಲಿಲ್ಲ. ಚೀಲ ತೆಗೆದುಕೊಂಡು ಸಭೆಯಿಂದ ಎದ್ದುಬಂದೆ. ಯಾಕೆಂದು ಕೇಳಿದವರಿಗೆ ಕಟ್ಟಕಡೆಯ ರೋಗಿಯ ಮನೆಗೆ ಹೋಗಬೇಕು ಅಂದೆ. ಅದನ್ನು ಅವರು ಕುಚೋದ್ಯ ಅಂದುಕೊಂಡರು. ಸ್ವಲ್ಪ ಕುಚೋದ್ಯವೂ ಇತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಾನು ಬರೀ ಕೆಟ್ಟದ್ದನ್ನೇ ಯೋಚಿಸಿದೆ. ಹಿರೇಹಳ್ಳಿಯಲ್ಲಿ ಯಾರೋ ಈರುಳ್ಳಿ ಮೂಟೆ ಹತ್ತಿಸಿದರು, ಅದಕ್ಕೆ ಕಂಡಕ್ಟರ ಜೊತೆ ವಾದ. ಬೇರೆ ದಿನವಾಗಿದ್ದರೆ ನಾನೂ ಒಂದು ಪಕ್ಷ ಹಿಡಿಯುತ್ತಿದ್ದೆ. ನನಗೆ ಭಯವಾಗಿತ್ತು. ಮುಳ್ಳಿನದಷ್ಟೇ ಅಲ್ಲ. ಆಕೆ ಹಟ ಹಿಡಿದು ಕಾಲು ಕೊಡದಿದ್ದರೆ, ಈತ ಸಂಕೋಚಕ್ಕೆ ಬಿದ್ದು ನನ್ನ ದಾರಿ ಕಾಯುತ್ತಾ ಕೂತಿದ್ದರೆ, ಆಕೆಯ ಪಾದ ಹೋಗುವುದು ಇಬ್ಬರು ಒಳ್ಳೆಯವರ ಮರ್ಯಾದೆಯಿಂದ. ಹಾಗಾದರೆ ಯಾರನ್ನು ಬೈಯಬೇಕೋ ನನಗೆ ಗೊತ್ತಿರಲಿಲ್ಲ.

ಬೀದಿಗೆ ಕಾಲಿಟ್ಟಾಗ ತಿರುವಿನ ಮನೆಯಿಂದ ಸದ್ದಿರಲಿಲ್ಲ. ಇಬ್ಬರೂ ಪಡಸಾಲೆಯಲ್ಲಿ ಕೂತಿದ್ದರು. ಅಕ್ಕ ಮಣೆಯ ಮೇಲೆ, ಕಾಲು ಚಾಚಿಕೊಂಡು, ಮುಖ ಗೋಡೆಯ ಕಡೆಗೆ. ಅಣ್ಣ ಬಾಗಿಲ ಹತ್ತಿರ, ಮುಖ ಬೀದಿಯ ಕಡೆಗೆ. ಹೊಸದಾಗಿ ಮದುವೆಯಾದವರನ್ನು ಒಂದೇ ಕೋಣೆಯಲ್ಲಿ ಕೂರಿಸಿದ ಹಾಗಿತ್ತು. ಅಕ್ಕನ ಬಲಗಾಲಿಗೆ ಬಿಳಿ ಪಂಚೆಯ ಚೂರು ಅಚ್ಚುಕಟ್ಟಾಗಿ ಸುತ್ತಿತ್ತು. ಕಿಟಕಿಯಲ್ಲಿ ಒಂದು ಕಾಗದದ ಮೇಲೆ ಮುಳ್ಳು ಇಟ್ಟಿದ್ದರು. ನನ್ನ ಕಿರುಬೆರಳಿನ ಅರ್ಧದಷ್ಟು ಉದ್ದ, ತುದಿ ಮುರಿಯದೆ ಇಡಿಯಾಗಿತ್ತು.

ಬಟ್ಟೆ ಬಿಚ್ಚಿ ನೋಡಿದೆ. ಸಣ್ಣ ತೂತು, ಸ್ವಚ್ಛವಾಗಿತ್ತು. ಊತವಿಲ್ಲ. ಔಷಧಿ ಹಚ್ಚಿ, ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟು, ಡಾಕ್ಟರಿಗೆ ಫೋನು ಮಾಡಿ ಅವರು ಹೇಳಿದ ಮಾತ್ರೆ ತಂದುಕೊಟ್ಟೆ. ಅಷ್ಟು ಹೊತ್ತೂ ಅಕ್ಕ ಗೋಡೆಯ ಕಡೆಗಿನ ಮುಖ ತಿರುಗಿಸಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ.

ಅಣ್ಣನೇ ಹೇಳಿದ. "ಮಗ್ಗ ನಿಲ್ಲಿಸು ಅಂದೆ, ನಿಲ್ಲಿಸಲಿಲ್ಲ. ಗುಂಡಿಗೆ ಇಳಿದು ಎರಡೂ ಕಾಲು ಹಿಡ್ಕಂಡುಬಿಟ್ಟೆ. ಒದ್ದಳು. ಬಿಡಲಿಲ್ಲ. ತೆಗೆದ್ಮೇಲೆ ತೋರ್ಸಿದೆ. ನೋಡಿದ್ಳು. ಆಮೇಲೆ ನನ್ನ ಕಾಲಿಗೆ ಬಿದ್ದು ಅತ್ತಳು. ನಾನೂ ಕೈ ಮುಗಿದೆ. ಯಾರು ಯಾರಿಗೆ ಮುಗಿದ್ವೋ ಗೊತ್ತಿಲ್ಲ." ಆತ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಮಧ್ಯೆ ಕೆಮ್ಮಲೂ ಇಲ್ಲ.

ಗಾಯ ಮಾಗುವ ತನಕ ತುಳಿಯುವಂತಿಲ್ಲ ಅಂದೆ. ಅಣ್ಣ ಭುಜಕ್ಕೆ ಎಣ್ಣೆ ಹಚ್ಚಿಕೊಂಡು ತಾನೇ ತುಳಿಯಲು ಕೂತ. ಅಕ್ಕ ಕಾಲು ಮೇಲೆತ್ತಿ ಮಡಿಸಿದ ಕಂಬಳಿಯ ಮೇಲೆ ಇಟ್ಟುಕೊಂಡು ಪಕ್ಕದಲ್ಲಿ ಲಾಳಿ ಎಸೆದಳು. ಆ ದಿನಗಳಲ್ಲಿ ನೇಯ್ದಷ್ಟು ಸೀರೆಯ ಅಂಚು ಒಂದು ಕಡೆ ಸೊಟ್ಟಗಿದೆ ಎಂದು ಆಮೇಲೆ ಆಕೆ ಎಲ್ಲರಿಗೂ ತೋರಿಸಿಕೊಂಡು ನಕ್ಕಳು. ನಗು ತಿರುಗಿ ಬಂದದ್ದು ನೋಡಿ ನನಗೆ ಜೀವ ಬಂದಂತಾಯಿತು. ಗಾಯ ಒಣಗಿ, ಚರ್ಮ ಕೂಡಿಕೊಂಡಿತು.

ಮುಂದಿನ ಅಮಾವಾಸ್ಯೆ. ಜಗಲಿಯ ತುಂಬ ಹೆಂಗಸರು. ಬೆರಳು ಚುಚ್ಚಿಸಿಕೊಂಡು, ಬಿಪಿ ನೋಡಿಸಿಕೊಂಡು, ಅಕ್ಕ ನನ್ನ ಮುಂದೆ ಕೂತಳು. ನಾನು ಎಂದಿನಂತೆ ಬಗ್ಗಿ ಆಕೆಯ ಕಾಲು ಎತ್ತಲು ಕೈ ಚಾಚಿದೆ. ಆಕೆ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಬೆಳಿಗ್ಗೆ ನೋಡಿ ಆಗೈತೆ. ಗುಳಿಗೆ ಕೊಡು."

"ಯಾರು ನೋಡಿದ್ರು?" ಎಂದಳು ಹಿಂದೆ ನಿಂತಿದ್ದ ಮುದುಕಿ.

"ಇನ್ಯಾರು ನೋಡ್ತಾರೆ? ನಮ್ಮೋರು. ತೊಡೆ ಮೇಲೆ ಇಟ್ಕಂಡು, ಒರೆಸಿ, ಎಣ್ಣೆ ಹಚ್ಚಿ ಕಳಿಸ್ಯಾರೆ."

ಒಬ್ಬಳು ಕಿಸಕ್ಕೆಂದಳು. ಮುದುಕಿ ಕೆನ್ನೆ ಕೆನ್ನೆ ಬಡಿದುಕೊಂಡು, "ಪಾಪ ಕಣೇ," ಅಂದಳು.

ಅಕ್ಕ ಮಾತ್ರೆಯ ಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿಕೊಂಡು ಎದ್ದಳು. "ಹತ್ತು ಬೆರಳಿದ್ದಾಗ ಪುಣ್ಯ ಮಾಡ್ಕಂಡಿದ್ದು ಸಾಕು, ಅಜ್ಜಿ. ಈಗಿರಾದು ಒಂಬತ್ತು. ಪಾಪ ಬಂದ್ರೆ ಬರ್ಲಿ."